ಹುಳುವನ್ನು ಕೊಲ್ಲುವ ಬೂಷ್ಟು ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಬಲ್ಲದೆ?



ಹೃದ್ರೋಗ ವಾರ್ಡಿನಲ್ಲಿ ಬೆಳಗಿನ ರೌಂಡ್ಸ್ ಮುಗಿಸಿ ಹೊರಗೆ ಬರುವಾಗ ರೋಗಿಗಳ ಕಡೆಯವರು ನಮ್ಮನ್ನು ನಿಲ್ಲಿಸಿ ಅನೇಕ ಪ್ರಶ್ನೆಗಳನ್ನು ಕೇಳುತ್ತಾರೆ. ಊಟಕ್ಕೆ ಏನು ಕೊಡಬೇಕು, ಎಷ್ಟು ದಿನ ಇಲ್ಲಿರಬೇಕು, ಇವು ಯಾವಾಗಲೂ ಇರುವ ಪ್ರಶ್ನೆಗಳು. ಈಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. "ಹಿಮಾಲಯದಲ್ಲಿ ಹುಳದ ಮೈಮೇಲೆ ಬೆಳೆಯೋ ಅಣಬೆ ಇದೆಯಂತಲ್ಲ ಡಾಕ್ಟ್ರೇ, ಅದು ರಕ್ತದ ಗಡ್ಡೆ ಕರಗಿಸುತ್ತಂತೆ. ನಮ್ಮ ತಂದೆಯವರಿಗೆ ಅದನ್ನೇ ತರಿಸಿಕೊಡೋಣ ಅಂತಿದ್ದೀವಿ. ಆಮೇಲೆ ಈ ಮಾತ್ರೆಗಳನ್ನ ನಿಲ್ಲಿಸಬಹುದಲ್ವಾ?" ಎಂದು ಕೇಳುವವರು ಕೈಯಲ್ಲಿ ಮೊಬೈಲನ್ನೋ ಕ್ಯಾಪ್ಸೂಲ್ ಡಬ್ಬಿಯನ್ನೋ ಹಿಡಿದಿರುತ್ತಾರೆ.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಇದರ ಮೊದಲರ್ಧದಲ್ಲಿ ಸತ್ಯವಿದೆ. ಎರಡನೆಯ ಅರ್ಧ, ಅಂದರೆ ಮಾತ್ರೆ ನಿಲ್ಲಿಸುವ ಮಾತು, ಪ್ರಾಣಕ್ಕೆ ಅಪಾಯ ತರುವಂಥದ್ದು. ಇವೆರಡನ್ನೂ ಬೇರ್ಪಡಿಸಿ ತಿಳಿಸುವ ಪ್ರಯತ್ನ ಇಲ್ಲಿದೆ. ವಾರ್ಡಿನ ಹೊರಗೆ ಕಾಯುತ್ತಾ ಕುಳಿತಿರುವ ವೇಳೆಯಲ್ಲಿ ನಿಧಾನವಾಗಿ ಓದಿ.

ರೇಷ್ಮೆ ಮನೆಯ ಸುಣ್ಣಕಟ್ಟು

ನಿಮ್ಮಲ್ಲಿ ರೇಷ್ಮೆ ಸಾಕಿದವರು ಇದ್ದರೆ ಸುಣ್ಣಕಟ್ಟು ರೋಗದ ಹೆಸರು ಗೊತ್ತಿರುತ್ತದೆ. ಮಳೆಗಾಲದಲ್ಲೋ ಚಳಿಗಾಲದಲ್ಲೋ ಸಾಕಣೆ ಮನೆಯಲ್ಲಿ ತೇವ ಹೆಚ್ಚಾದರೆ ಕೆಲವು ಹುಳುಗಳು ಸೊಪ್ಪು ಬಿಡುತ್ತವೆ, ಸಾಯುತ್ತವೆ. ಸತ್ತ ಹುಳು ಕೊಳೆಯುವುದಿಲ್ಲ. ಗಟ್ಟಿಯಾಗಿ, ಮೈಯೆಲ್ಲ ಬೆಳ್ಳಗೆ, ಸುಣ್ಣದ ಕಡ್ಡಿಯಂತೆ ಆಗುತ್ತದೆ. ಆ ಬಿಳಿ ಪುಡಿಯೇ ಒಂದು ಶಿಲೀಂಧ್ರ, ಅಂದರೆ ಬೂಷ್ಟು. ಅದರ ಶಾಸ್ತ್ರೀಯ ಹೆಸರು ಬ್ಯುವೇರಿಯಾ ಬ್ಯಾಸಿಯಾನಾ.

ಇಟಲಿಯ ರೇಷ್ಮೆ ಸಾಕಣೆದಾರರನ್ನೂ ಇದೇ ರೋಗ ಕಾಡುತ್ತಿತ್ತು. ಅಲ್ಲಿಯವರು ಅದಕ್ಕೆ ಇಟ್ಟಿದ್ದ ಹೆಸರುಗಳಲ್ಲಿ ಒಂದು ಕಾಲ್ಚಿನಾಚ್ಚೊ. ಅದೂ ಸುಣ್ಣಗಾರೆಗೆ ಸಂಬಂಧಿಸಿದ ಪದವೇ. ಅಷ್ಟು ದೂರದ ಎರಡು ನಾಡುಗಳ ರೈತರಿಗೆ ಕಂಡದ್ದು ಒಂದೇ! ಲೋದಿ ಎಂಬ ಊರಿನ ಬಳಿಯ ಅಗೊಸ್ಟಿನೊ ಬಾಸ್ಸಿ ಎಂಬುವರು ಈ ರೋಗದ ಬೆನ್ನುಹತ್ತಿ ಅನೇಕ ವರ್ಷ ಶ್ರಮಿಸಿದರು. ಇದು ಹುಳುವಿನ ಒಳಗಿನಿಂದ ತಾನಾಗಿ ಹುಟ್ಟುವುದಲ್ಲ, ಕಣ್ಣಿಗೆ ಕಾಣದ ಒಂದು ಜೀವಿ ಹೊರಗಿನಿಂದ ಬಂದು ಅಂಟುವುದು ಎಂದು 1835ರಲ್ಲಿ ಪ್ರಕಟಿಸಿದರು. ಪಾಶ್ಚರ್ ಮತ್ತು ಕಾಕ್ ಅವರ ಕಾಲಕ್ಕಿಂತ ದಶಕಗಳ ಹಿಂದಿನ ಮಾತಿದು. ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂದು ಮೊದಲಿಗೆ ತೋರಿಸಿಕೊಟ್ಟದ್ದು ಒಂದು ರೇಷ್ಮೆ ಹುಳು. ಬೂಷ್ಟಿನ ಹೆಸರಿನಲ್ಲಿರುವ 'ಬ್ಯಾಸಿಯಾನಾ' ಎಂಬುದು ಅವರ ನೆನಪಿಗೇ ಇಟ್ಟದ್ದು.

ಈಗ ನಮ್ಮ ವಿಷಯಕ್ಕೆ ಬೇಕಾದ ಸಂಗತಿ. ನಮಗೆ ಕಾಯಿಲೆ ತರುವ ಅನೇಕ ರೋಗಾಣುಗಳು ಬಾಯಿಯ ಮೂಲಕ, ಉಸಿರಿನ ಮೂಲಕ ಒಳಗೆ ಹೋಗುತ್ತವೆ. ಈ ಬೂಷ್ಟು ಸಾಮಾನ್ಯವಾಗಿ ಹುಳುವಿನ ಚರ್ಮವನ್ನೇ ಕೊರೆದು ಒಳಹೋಗುತ್ತದೆ. ಕೀಟದ ಚರ್ಮ ನಮ್ಮದರಂತೆ ಮೆತ್ತಗಿಲ್ಲ. ಕೈಟಿನ್ ಎಂಬ ನಾರು ಮತ್ತು ಪ್ರೊಟೀನುಗಳು ಹೆಣೆದುಕೊಂಡ ಕವಚ ಅದು. ಗಾಳಿಯಲ್ಲಿ ಬಂದ ಬೂಷ್ಟಿನ ಬೀಜಕಣ ಈ ಕವಚದ ಮೇಲೆ ಅಂಟಿ, ಮೊಳೆತು, ಕೆಲವು ರಸಗಳನ್ನು ಸುರಿಸುತ್ತದೆ. ಆ ರಸದಲ್ಲಿ ಪ್ರೊಟೀನನ್ನು ತುಂಡರಿಸುವ ಕಿಣ್ವಗಳಿರುತ್ತವೆ. ಕವಚ ಸಡಿಲವಾದ ಜಾಗದಲ್ಲಿ ಎಳೆ ಒಳಗೆ ಇಳಿಯುತ್ತದೆ.

ಕಿಣ್ವ ಎಂದರೆ ಬೇರೇನೂ ಅಲ್ಲ, ಜೀವಿಗಳ ಒಳಗಿನ ಕೆಲಸಗಳನ್ನು ಚುರುಕುಗೊಳಿಸುವ ಒಂದು ಬಗೆಯ ಪ್ರೊಟೀನು. ನಾವು ತಿಂದ ಬೇಳೆಯನ್ನು ಹೊಟ್ಟೆಯಲ್ಲಿ ಅರಗಿಸುವುದೂ ಕಿಣ್ವಗಳೇ. ಹುಳುವಿನ ಕವಚ ಕತ್ತರಿಸಬಲ್ಲ ಕಿಣ್ವಕ್ಕೆ ಬೇರೆ ಪ್ರೊಟೀನುಗಳನ್ನು ಕತ್ತರಿಸುವುದೂ ಬರುತ್ತದೆ. ವಿಜ್ಞಾನಿಗಳ ಕುತೂಹಲ ಹುಟ್ಟಿದ್ದು ಇಲ್ಲಿಯೇ. ಏಕೆಂದರೆ ನಮ್ಮ ರಕ್ತದ ಹೆಪ್ಪನ್ನು ಬಿಗಿಯಾಗಿ ಹಿಡಿದಿರುವುದೂ ಒಂದು ಪ್ರೊಟೀನು.

ಹೆಪ್ಪು

ಹಾಲಿಗೆ ಹೆಪ್ಪು ಹಾಕುತ್ತೇವೆ. ರಕ್ತಕ್ಕೂ ಅದೇ ಮಾತನ್ನು ನಮ್ಮ ಹಿರಿಯರು ಬಳಸಿದ್ದಾರೆ, ಅದು ಸರಿಯಾಗಿಯೇ ಇದೆ. ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೊಟೀನು ಕರಗಿದ ಸ್ಥಿತಿಯಲ್ಲಿ ಹರಿಯುತ್ತಿರುತ್ತದೆ. ಗಾಯವಾದಾಗ ಥ್ರಾಂಬಿನ್ ಎಂಬ ಕಿಣ್ವ ಎಚ್ಚೆತ್ತು ಇದನ್ನು ಫೈಬ್ರಿನ್ ಎಳೆಗಳಾಗಿ ಮಾರ್ಪಡಿಸುತ್ತದೆ. ಎಳೆಗಳು ಸೇರಿ ಬಲೆಯಾಗುತ್ತವೆ, ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಳ್ಳುತ್ತವೆ, ರಕ್ತ ಸೋರುವುದು ನಿಲ್ಲುತ್ತದೆ. ಇದಿಲ್ಲದಿದ್ದರೆ ಕುಡುಗೋಲು ತಾಗಿದ ಬೆರಳಿನಿಂದಲೇ ಮನುಷ್ಯ ಸಾಯಬೇಕಿತ್ತು.

ಮೊಸರಾದ ಹಾಲು ಮತ್ತೆ ಹಾಲಾಗುವುದಿಲ್ಲ. ರಕ್ತದ ಹೆಪ್ಪು ಮಾತ್ರ ಕರಗಬಲ್ಲದು. ಗಾಯ ಮಾಗಿದ ಮೇಲೆ ಅದನ್ನು ಕರಗಿಸಲು ದೇಹದಲ್ಲೇ ಏರ್ಪಾಡಿದೆ. ಪ್ಲಾಸ್ಮಿನೋಜನ್ ಎಂಬ ವಸ್ತು ರಕ್ತದಲ್ಲಿ ಮಲಗಿದಂತೆ ಇರುತ್ತದೆ. ರಕ್ತನಾಳದ ಒಳಪದರ ಟಿಪಿಎ ಎಂಬ ಇನ್ನೊಂದು ಕಿಣ್ವವನ್ನು ಬಿಟ್ಟು ಅದನ್ನು ಎಬ್ಬಿಸುತ್ತದೆ. ಎದ್ದ ಮೇಲೆ ಅದರ ಹೆಸರು ಪ್ಲಾಸ್ಮಿನ್. ಇದು ಫೈಬ್ರಿನ್ ಬಲೆಯನ್ನು ತುಂಡುತುಂಡು ಮಾಡುತ್ತದೆ.

ತೊಂದರೆ ಬರುವುದು ಹೆಪ್ಪು ಬೇಡದ ಜಾಗದಲ್ಲಿ ಕಟ್ಟಿದಾಗ. ಹೃದಯದ ರಕ್ತನಾಳದಲ್ಲಿ ಕಟ್ಟಿದರೆ ಹೃದಯಾಘಾತ, ಮಿದುಳಿನ ರಕ್ತನಾಳದಲ್ಲಿ ಕಟ್ಟಿದರೆ ಲಕ್ವ. ದೇಹದ ಸ್ವಂತ ಏರ್ಪಾಡು ಅಷ್ಟು ಬೇಗ ಕೆಲಸ ಮುಗಿಸಲಾರದು. ಮಿದುಳಿನ ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡರೆ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಲೆಕ್ಕ ಹಾಕಲಾಗಿದೆ. ಈ ಪುಟವನ್ನು ನೀವು ಓದುವಷ್ಟು ಹೊತ್ತಿನಲ್ಲಿ ಎಷ್ಟಾಯಿತೆಂದು ನೀವೇ ಯೋಚಿಸಿ.

ತಟ್ಟೆಯಲ್ಲಿ ಗೆದ್ದ ಕಿಣ್ವ

ಹೆಪ್ಪು ಕರಗಿಸುವ ವಸ್ತುವನ್ನು ಪರೀಕ್ಷಿಸಲು ಒಂದು ಸುಲಭದ ಉಪಾಯವಿದೆ. ಡೆನ್ಮಾರ್ಕಿನ ಆಸ್ಟ್ರಪ್ ಮತ್ತು ಮುಲ್ಲರ್ಟ್ಜ್ ಎಂಬುವರು 1952ರಲ್ಲಿ ಇದನ್ನು ವಿವರಿಸಿದರು. ಗಾಜಿನ ತಟ್ಟೆಯಲ್ಲಿ ಫೈಬ್ರಿನ್‌ನ ತೆಳುವಾದ ಮಸುಕು ಪದರವನ್ನು ಕಟ್ಟಿಸಿ, ಅದರ ಮೇಲೆ ಪರೀಕ್ಷಿಸಬೇಕಾದ ದ್ರವದ ಒಂದು ಹನಿ ಇಟ್ಟು, ಬೆಚ್ಚಗೆ ಇಡುವುದು. ಹನಿಯಲ್ಲಿ ಶಕ್ತಿ ಇದ್ದರೆ ಅದರ ಸುತ್ತ ಪದರ ಕರಗಿ ತಿಳಿಯಾದ ಒಂದು ವೃತ್ತ ಕಾಣುತ್ತದೆ. ವೃತ್ತ ದೊಡ್ಡದಾದಷ್ಟೂ ಶಕ್ತಿ ಹೆಚ್ಚು.

ಈ ಬಗೆಯ ಪರೀಕ್ಷೆಗಳಲ್ಲಿ ಬಗೆಬಗೆಯ ಜೀವಿಗಳು ಗೆದ್ದಿವೆ. ಜಪಾನಿನವರು ತಿನ್ನುವ ನ್ಯಾಟೋ ಎಂಬ ಹುದುಗಿಸಿದ ಸೋಯಾ ಕಾಳಿನಿಂದ ಹಿರೋಯುಕಿ ಸುಮಿ ಮತ್ತು ಸಂಗಡಿಗರು 1987ರಲ್ಲಿ ನ್ಯಾಟೋಕೈನೇಸ್ ಎಂಬ ಕಿಣ್ವವನ್ನು ವರದಿ ಮಾಡಿದರು. ಎರೆಹುಳುವಿನಿಂದಲೂ ಅಂಥದ್ದೊಂದು ಸಿಕ್ಕಿತು. ಹಾಗೆಯೇ ಕೀಟಗಳ ಮೇಲೆ ಬೆಳೆಯುವ ಶಿಲೀಂಧ್ರಗಳ ಸರದಿಯೂ ಬಂತು. ಚಿಟ್ಟೆ, ಪತಂಗಗಳ ಕೋಶದ ಮೇಲೆ ಕಿತ್ತಳೆ ಬಣ್ಣದ ಕಡ್ಡಿಯಂತೆ ಏಳುವ ಕಾರ್ಡಿಸೆಪ್ಸ್ ಮಿಲಿಟಾರಿಸ್ ಎಂಬ ಅಣಬೆಯಿಂದ ಹೆಪ್ಪು ಕರಗಿಸುವ ಕಿಣ್ವವನ್ನು ಬೇರ್ಪಡಿಸಿದ್ದಾಗಿ ಕೊರಿಯಾದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಮರುವರ್ಷ ಕಾರ್ಡಿಸೆಪ್ಸ್ ಸೈನೆನ್ಸಿಸ್ ಶಿಲೀಂಧ್ರವನ್ನು ದ್ರವದಲ್ಲಿ ಬೆಳೆಸಿ, ಆ ದ್ರವದಿಂದ ಇನ್ನೊಂದು ಕಿಣ್ವವನ್ನು ತೆಗೆದ ವರದಿ ಬಂತು. ಈ ಸೈನೆನ್ಸಿಸ್ ಎಂಬುದೇ ಉತ್ತರಾಖಂಡದ ಪಿಥೋರಾಗಢದ ಕಡೆ ಹಿಮ ಕರಗಿದ ಮೇಲೆ ಹುಲ್ಲುಗಾವಲಿನಲ್ಲಿ ಮೊಣಕಾಲೂರಿ ಹುಡುಕುವ, ಕಿಲೋಗೆ ಲಕ್ಷಗಟ್ಟಲೆ ಬೆಲೆಯ 'ಕೀಡಾ ಜಡಿ'. ನಿಮ್ಮ ಮೊಬೈಲಿನಲ್ಲಿ ಬಂದದ್ದು ಬಹುತೇಕ ಇದರ ಸುದ್ದಿಯೇ ಇರಬೇಕು.

ಆದ್ದರಿಂದ ಹುಳುವಿನ ಬೂಷ್ಟು ಹೆಪ್ಪು ಕರಗಿಸುವ ಕಿಣ್ವವನ್ನು ಉಂಟುಮಾಡುತ್ತದೆ ಎಂಬುದು ಸುಳ್ಳಲ್ಲ. ಆದರೆ ಪ್ರಯೋಗಶಾಲೆಯ ತಟ್ಟೆಗೂ ಮನುಷ್ಯನ ರಕ್ತನಾಳಕ್ಕೂ ನಡುವೆ ಬಹಳ ದೂರದ ದಾರಿಯಿದೆ.

ಮೊದಲನೆಯದಾಗಿ ಹೊಟ್ಟೆ. ಕಿಣ್ವವೂ ಪ್ರೊಟೀನು ಎಂದು ಮೇಲೆ ಹೇಳಿದೆ. ಬಾಯಿಂದ ನುಂಗಿದ ಪ್ರೊಟೀನನ್ನು ಜಠರ ಬೇಳೆಯಂತೆ ಅರಗಿಸುತ್ತದೆ. ಕುದಿಸಿ ಕಷಾಯ ಮಾಡಿದರಂತೂ ಕಿಣ್ವ ಅಲ್ಲಿಯೇ ಕೆಡುತ್ತದೆ, ಕುದಿಯುವ ನೀರಿಗೆ ಬಿದ್ದ ಮೊಟ್ಟೆ ಮತ್ತೆ ಹಸಿಯಾಗದಲ್ಲ, ಹಾಗೆ. ಜೊತೆಗೆ ವಿಜ್ಞಾನಿಗಳು ಪರೀಕ್ಷಿಸಿದ್ದು ಹಲವು ಹಂತಗಳಲ್ಲಿ ಶುದ್ಧಿ ಮಾಡಿದ ಕಿಣ್ವವನ್ನು. ಡಬ್ಬಿಯಲ್ಲಿ ಬರುವುದು ಒಣಗಿಸಿದ ಅಣಬೆಯ ಪುಡಿ. ಎರಡೂ ಒಂದೇ ಅಲ್ಲ.

ಹೋಗಲಿ, ಇಂಜೆಕ್ಷನ್ ಮೂಲಕ ನೇರವಾಗಿ ರಕ್ತಕ್ಕೇ ಕೊಟ್ಟರೆ? ಆಗ ಬೇರೆ ತೊಡಕು. ಇಂಥ ಕಿಣ್ವಗಳಲ್ಲಿ ಅನೇಕವು ಫೈಬ್ರಿನ್ ಬಲೆಯ ಜೊತೆಗೆ ರಕ್ತದಲ್ಲಿ ಕರಗಿರುವ ಫೈಬ್ರಿನೋಜನನ್ನೂ ಕತ್ತರಿಸುತ್ತವೆ. ಅಂದರೆ ಬೇಡದ ಹೆಪ್ಪಿನ ಜೊತೆಗೆ, ಬೇಕಾದಾಗ ಹೆಪ್ಪು ಕಟ್ಟುವ ಶಕ್ತಿಯೂ ಹೋಗುತ್ತದೆ. ಅಂಥ ವೇಳೆ ಮಿದುಳಿನಲ್ಲಿ ಒಂದು ಸಣ್ಣ ನಾಳ ಸೋರಿದರೂ ಸಾಕು. ಹೊರಗಿನಿಂದ ಬಂದ ಪ್ರೊಟೀನಿಗೆ ಅಲರ್ಜಿಯಾಗಬಹುದು. ರಕ್ತದಲ್ಲಿ ಕಾವಲು ಕಾಯುವ ಪ್ರೊಟೀನುಗಳು ಅದನ್ನು ಹಿಡಿದು ನಿಷ್ಕ್ರಿಯಗೊಳಿಸಲೂಬಹುದು. ಈ ತೊಡಕುಗಳನ್ನೆಲ್ಲ ದಾಟಿ, ಕೀಟಶಿಲೀಂಧ್ರದ ಕಿಣ್ವದಿಂದ ತಯಾರಾದ ಹೆಪ್ಪು ಕರಗಿಸುವ ಔಷಧ ಯಾವುದೂ ಇದುವರೆಗೆ ಆಸ್ಪತ್ರೆಯ ಬಳಕೆಗೆ ಬಂದಿಲ್ಲ.

ಹಾಗೆಂದು ಹುಳುವಿನ ಬೂಷ್ಟಿನಿಂದ ಔಷಧವೇ ಬಾರದು ಎನ್ನಬೇಡಿ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುವ ಸೈಕ್ಲೋಸ್ಪೋರಿನ್ ಬಂದದ್ದು ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ. ಅಮೆರಿಕದಲ್ಲಿ ಅದಕ್ಕೆ 1983ರಲ್ಲಿ ಅನುಮತಿ ಸಿಕ್ಕಿತು. ಆ ಶಿಲೀಂಧ್ರ ದುಂಬಿಯ ಮರಿಹುಳುವಿನ ಮೇಲೆ ಬೆಳೆಯುವ ಕಾರ್ಡಿಸೆಪ್ಸ್ ಬಳಗದ್ದೇ ಎಂದು 1996ರಲ್ಲಿ ಗೊತ್ತಾಯಿತು. ಆದರೆ ಕಿಡ್ನಿ ರೋಗಿಗಳು ಯಾರೂ ಆ ಬೂಷ್ಟನ್ನು ತಿನ್ನುವುದಿಲ್ಲ. ಅದರಿಂದ ತೆಗೆದ ಒಂದೇ ಶುದ್ಧ ವಸ್ತುವನ್ನು, ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುತ್ತಾ, ಲೆಕ್ಕ ಮಾಡಿ ಕೊಡುತ್ತೇವೆ.

ಗಂಟಲು ನೋವಿನ ರೋಗಾಣು ಕೊಟ್ಟ ಇಂಜೆಕ್ಷನ್

ನಮ್ಮಲ್ಲಿಗೆ ಹೃದಯಾಘಾತವೆಂದು ಬಂದವರಿಗೆ ಎಷ್ಟೋ ಸಲ ಕೊಡುವ ಸ್ಟ್ರೆಪ್ಟೋಕೈನೇಸ್ ಹುಟ್ಟಿದ ಬಗೆಯೂ ಇಂಥದ್ದೇ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಟಿಲೆಟ್ ಮತ್ತು ಗಾರ್ನರ್ ಎಂಬುವರು, ಗಂಟಲು ನೋವು ತರುವ ಸ್ಟ್ರೆಪ್ಟೋಕಾಕಸ್ ರೋಗಾಣುವಿನ ದ್ರವ ಮನುಷ್ಯನ ರಕ್ತದ ಹೆಪ್ಪನ್ನು ಕರಗಿಸುತ್ತದೆಂದು 1933ರಲ್ಲಿ ಕಂಡರು. ಪ್ರಯೋಗಶಾಲೆಯಲ್ಲಿ ಕಂಡದ್ದು ಆಸ್ಪತ್ರೆಯಲ್ಲಿ ನಂಬಿಕೆಗೆ ಅರ್ಹವಾಗಲು ಅರ್ಧ ಶತಮಾನ ಬೇಕಾಯಿತು. ಅದನ್ನು ಶುದ್ಧಿ ಮಾಡಬೇಕಿತ್ತು, ಪ್ರಮಾಣ ಗೊತ್ತುಮಾಡಬೇಕಿತ್ತು, ಯಾರಿಗೆ ಕೊಡಬಾರದೆಂದು ಕಲಿಯಬೇಕಿತ್ತು.

ಇಟಲಿಯಲ್ಲಿ ಸುಮಾರು 11,800 ಹೃದಯಾಘಾತದ ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 1986ರಲ್ಲಿ ಬಂತು. ಈ ಔಷಧ ಸಿಗದವರಲ್ಲಿ 21 ದಿನಗಳೊಳಗೆ ಸಾವಿರಕ್ಕೆ 130 ಜನ ತೀರಿಕೊಂಡಿದ್ದರೆ, ಸಿಕ್ಕವರಲ್ಲಿ 107. ನೋವು ಶುರುವಾದ ಒಂದು ಗಂಟೆಯೊಳಗೆ ಔಷಧ ಸಿಕ್ಕವರಲ್ಲಂತೂ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಎರಡು ವರ್ಷದ ನಂತರ 17,187 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಸ್ಟ್ರೆಪ್ಟೋಕೈನೇಸ್ ಜೊತೆಗೆ ಆಸ್ಪಿರಿನ್ ಕೂಡ ಕೊಟ್ಟು ನೋಡಿದರು. ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದಿಂದಾದ ಸಾವು, ಎರಡೂ ಸಿಗದವರಲ್ಲಿ ಸಾವಿರಕ್ಕೆ 132, ಎರಡೂ ಸಿಕ್ಕವರಲ್ಲಿ 80. ಅಣಬೆಯ ಪುಡಿಯ ಜಾಹೀರಾತಿನಲ್ಲಿ ನೀವು ಹುಡುಕಬೇಕಾದದ್ದು ಇಂಥ ಲೆಕ್ಕವನ್ನು. ನ್ಯಾಟೋಕೈನೇಸ್ ಮಾತ್ರೆಯನ್ನು 265 ಜನರ ಮೇಲೆ ಸುಮಾರು ಮೂರು ವರ್ಷ ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪವಾಗುವುದನ್ನು ಆ ಮಾತ್ರೆ ತಡೆಯಲಿಲ್ಲ.

ಸ್ಟ್ರೆಪ್ಟೋಕೈನೇಸ್ ತಾನೇ ಹೆಪ್ಪನ್ನು ಕತ್ತರಿಸುವುದಿಲ್ಲ, ರಕ್ತದಲ್ಲಿ ಮಲಗಿರುವ ಪ್ಲಾಸ್ಮಿನೋಜನನ್ನು ಎಬ್ಬಿಸುತ್ತದೆ. ಸಾಮಾನ್ಯವಾಗಿ 15 ಲಕ್ಷ ಯೂನಿಟ್ಟನ್ನು ಸುಮಾರು ಒಂದು ಗಂಟೆ ಡ್ರಿಪ್‌ನಲ್ಲಿ ಕೊಡುತ್ತೇವೆ. ಆಗ ಸಿಸ್ಟರ್ ಪದೇ ಪದೇ ಬಿ.ಪಿ. ನೋಡುವುದನ್ನು ಕಂಡು ಗಾಬರಿಯಾಗಬೇಡಿ. ಈ ಔಷಧದಿಂದ ಬಿ.ಪಿ. ಇಳಿಯಬಹುದು, ಅದಕ್ಕೇ ಆ ಎಚ್ಚರ. ಟೆನೆಕ್ಟಿಪ್ಲೇಸ್ ಎಂಬುದು ದೇಹದ ಸ್ವಂತ ಟಿಪಿಎ ಕಿಣ್ವವನ್ನೇ ಸುಧಾರಿಸಿ ಮಾಡಿದ್ದು. ಒಂದೇ ಇಂಜೆಕ್ಷನ್‌ನಲ್ಲಿ, ಕೆಲವೇ ಸೆಕೆಂಡುಗಳಲ್ಲಿ ಕೊಟ್ಟು ಮುಗಿಸಬಹುದು. ಕರ್ನಾಟಕ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದವರಿಗೆ ಈ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ಏರ್ಪಾಡು 2023ರಲ್ಲಿ ಶುರುವಾಯಿತು. ಬಲೂನ್ ಹಾಕಿ ನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಎರಡು ಗಂಟೆಯೊಳಗೆ ಸಿಗುವಂತಿದ್ದರೆ ಅದೇ ಉತ್ತಮ. ಹಳ್ಳಿಯಿಂದ ಬರುವವರಿಗೆ ಅದು ಅಷ್ಟು ಬೇಗ ಸಿಗದಿದ್ದರೆ ಈ ಇಂಜೆಕ್ಷನ್ನೇ ಆಸರೆ. ಹನ್ನೆರಡು ಗಂಟೆ ದಾಟಿದ ಮೇಲೆ ಬಂದರೆ ಇದರಿಂದ ಆಗುವ ಉಪಕಾರ ಬಹಳ ಕಡಿಮೆ.

ಲಕ್ವದಲ್ಲಿ ಗಡುವು ಇನ್ನೂ ಚಿಕ್ಕದು, ನಾಲ್ಕೂವರೆ ಗಂಟೆ. ಅದೂ ಸಿ.ಟಿ. ಸ್ಕ್ಯಾನ್ ಮಾಡಿದ ಮೇಲೆಯೇ. ಕೆಲವರು "ಬಾಯಿ ಸೊಟ್ಟಗಾಗಿರೋದು ಕಾಣ್ತಾ ಇದೆಯಲ್ಲ, ಸ್ಕ್ಯಾನ್ ಯಾಕೆ ಸ್ವಾಮಿ?" ಎನ್ನುತ್ತಾರೆ. ಹೆಪ್ಪು ಕಟ್ಟಿ ಬರುವ ಲಕ್ವ, ನಾಳ ಒಡೆದು ರಕ್ತ ಸೋರಿ ಬರುವ ಲಕ್ವ, ಇವೆರಡೂ ಹೊರಗಿನಿಂದ ನೋಡಲು ಒಂದೇ ತರಹ. ಸೋರುತ್ತಿರುವ ಮಿದುಳಿಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಸರಿಯಾಗಿ ಆರಿಸಿ ಕೊಟ್ಟಾಗಲೂ ಅಪಾಯ ತಪ್ಪಿದ್ದಲ್ಲ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಟಿಪಿಎ ಪಡೆದ ನೂರರಲ್ಲಿ ಸುಮಾರು ಆರು ಜನರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಬಿಗಡಾಯಿಸಿತು. ಆದರೂ ಒಟ್ಟಿನಲ್ಲಿ ಚೇತರಿಸಿಕೊಂಡು ಸ್ವಂತ ಕೆಲಸ ಮಾಡಿಕೊಳ್ಳುವಂತಾದವರು ಔಷಧ ಪಡೆದವರಲ್ಲೇ ಹೆಚ್ಚು. ನಾವು ಸಹಿ ಕೇಳುವಾಗ ಈ ಎರಡೂ ಮಾತನ್ನು ಹೇಳುವುದು ನಿಮ್ಮನ್ನು ಹೆದರಿಸಲು ಅಲ್ಲ. ಸಹಿ ಹಾಕಲು ಊರಿನಿಂದ ಅಣ್ಣ ಬರಲಿ, ಚಿಕ್ಕಪ್ಪ ಬರಲಿ ಎಂದು ಕಾಯುತ್ತಾ ಕುಳಿತರೆ ಗಡುವು ಮೀರುತ್ತದೆ. ಫೋನಿನಲ್ಲಿ ಕೇಳಿ ತೀರ್ಮಾನಿಸಿ.

ಮನೆಗೆ ಹೋದ ಮೇಲೆ

ಕೊನೆಯದಾಗಿ ಮಾತ್ರೆಯ ವಿಷಯ. ನಿಮಗೆ ಬರೆದುಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಇವು ಕಟ್ಟಿದ ಹೆಪ್ಪನ್ನು ಕರಗಿಸುವಂಥವಲ್ಲ. ಹೊಸದು ಕಟ್ಟದಂತೆ ತಡೆಯುವಂಥವು. ಕರಗಿಸುವ ಪುಡಿ ಸಿಕ್ಕಿತೆಂದು ಇವನ್ನು ಬಿಟ್ಟರೆ ಮತ್ತೆ ಹೆಪ್ಪು ಕಟ್ಟಲು ಬಾಗಿಲು ತೆರೆದಂತೆ. ಹೃದಯದಲ್ಲಿ ಲೋಹದ ಕವಾಟ ಹಾಕಿಸಿಕೊಂಡ ಒಬ್ಬ ರೋಗಿ ವಾರ್ಫರಿನ್ ಬಿಟ್ಟು ಅದರ ಬದಲು ನ್ಯಾಟೋಕೈನೇಸ್ ತೆಗೆದುಕೊಳ್ಳುತ್ತಿದ್ದುದನ್ನು ಅಮೆರಿಕದ ವೈದ್ಯರು 2015ರಲ್ಲಿ ವರದಿ ಮಾಡಿದ್ದಾರೆ. ಕವಾಟದಲ್ಲಿ ಹೆಪ್ಪು ಕಟ್ಟಿ, ಎದೆ ತೆರೆದು ಎರಡನೆಯ ಸಲ ಕವಾಟ ಬದಲಿಸಬೇಕಾಯಿತು.

ಮಾತ್ರೆಯೂ ಇರಲಿ, ಪುಡಿಯೂ ಇರಲಿ ಎಂದು ಎರಡನ್ನೂ ಸೇರಿಸುವವರೂ ಇದ್ದಾರೆ. ಅದು ಇನ್ನೊಂದು ಬಗೆಯ ಅಪಾಯ. ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತ ಎಷ್ಟು ತೆಳುವಾಗಿದೆ ಎಂದು ಐಎನ್‌ಆರ್ ಪರೀಕ್ಷೆಯಿಂದ ನೋಡಿ ಪ್ರಮಾಣ ಹೊಂದಿಸಿರುತ್ತೇವೆ. ನಮಗೆ ತಿಳಿಯದ ವಸ್ತುವೊಂದು ನಡುವೆ ಸೇರಿದರೆ ಆ ಲೆಕ್ಕ ತಪ್ಪುತ್ತದೆ. ವಸಡಿನಲ್ಲಿ ರಕ್ತ, ಮೂತ್ರದಲ್ಲಿ ಕೆಂಪು, ಮಲ ಕರ್ರಗೆ ಟಾರಿನಂತೆ ಆಗುವುದು, ಪೆಟ್ಟಾಗದೆಯೇ ಮೈಮೇಲೆ ನೀಲಿ ಕಲೆ, ಹಿಂದೆಂದೂ ಇಲ್ಲದಂಥ ತಲೆನೋವು, ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಇಟ್ಟುಕೊಳ್ಳದೆ ಬನ್ನಿ. ಈಗಾಗಲೇ ಅಂಥ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಬೈಯುತ್ತಾರೆಂಬ ಅಂಜಿಕೆ ಬೇಡ, ಡಬ್ಬಿಯನ್ನೇ ತಂದು ತೋರಿಸಿ.

ಎದೆಯಲ್ಲಿ ಒತ್ತಿ ಹಿಡಿದಂತೆ ನೋವು, ಬೆವರು, ಎಡಗೈಗೋ ದವಡೆಗೋ ಹಬ್ಬುವ ಸೆಳೆತ ಬಂದರೆ ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿಸಿ ಬೆಳಗಾಗಲೆಂದು ಕಾಯಬೇಡಿ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಬೆವರು, ಉಬ್ಬಸವಾಗಿಯೂ ಹೃದಯಾಘಾತ ಬರಬಹುದು. ಮುಖ ಒಂದು ಕಡೆ ಜಾರಿದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಅದು ಲಕ್ವ. 108ಕ್ಕೆ ಫೋನ್ ಮಾಡಿ. ತೊಂದರೆ ಶುರುವಾದಾಗ ಗಡಿಯಾರದಲ್ಲಿ ಎಷ್ಟು ಹೊತ್ತಾಗಿತ್ತು ಎಂಬುದನ್ನು ಜೊತೆಗಿರುವವರು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ನಾವು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟ್ರೆಪ್ಟೋಕೈನೇಸ್ ಕೊಟ್ಟಿದೆ ಎಂದು ಬರೆದಿದ್ದರೆ, ಆ ಹೆಸರನ್ನೂ ತಾರೀಖನ್ನೂ ಪುಟದ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ರೋಗಾಣುವಿನಿಂದ ಬಂದ ಪ್ರೊಟೀನಾದ್ದರಿಂದ ದೇಹ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಎರಡನೆಯ ಸಲ ಕೊಟ್ಟರೆ ಕೆಲಸ ಮಾಡದೆ ಹೋಗಬಹುದು, ಅಲರ್ಜಿಯೂ ಆಗಬಹುದು. ಮುಂದೆ ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ ಆ ಚೀಟಿಯನ್ನು ಮೊದಲು ತೋರಿಸಿದರೆ, ಅಲ್ಲಿನ ವೈದ್ಯರು ಬೇರೆ ಇಂಜೆಕ್ಷನ್ ಆರಿಸಿಕೊಳ್ಳುತ್ತಾರೆ.